ಕೋಟೆಯಲ್ಲಿ ಸನ್ನ ಹಂಚಿದ ಭಾನುವಾರ

ನಮ್ಮ ಮನೆಯಲ್ಲಿ ಬಾಯಿ ಮೂಸುವುದು ಶನಿವಾರದ ಕೆಲಸವಾಗಿತ್ತು. ಬುಧವಾರ ಉಗುರು ಕತ್ತರಿಸುವುದು, ಶುಕ್ರವಾರ ಹರಳೆಣ್ಣೆ ಕುಡಿಯುವುದು ಹೇಗೋ ಹಾಗೆ. ಸಂಜೆ ಐದೂವರೆಗೆ ಅಪ್ಪ ಜಗಲಿಯ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕನ್ನಡಕ ತೆಗೆದು ಕಿಸೆಯಲ್ಲಿಟ್ಟು, ಬಾಯಿ ಅಗಲಿಸಿ ಉಸಿರು ಬಿಡುತ್ತಿದ್ದರು. ನಾನು ಮುಖ ಒಡ್ಡಿ ಮೂಸಿ "ಲವಂಗ" ಎನ್ನಬೇಕು. ಪ್ರತಿ ಶನಿವಾರವೂ ಲವಂಗವೇ. ಲವಂಗದ ಹಿಂದೆ ಹುಳುಕುಹಲ್ಲಿನ ವಾಸನೆ ಇರುತ್ತಿತ್ತು, ಅದನ್ನು ಹೇಳುವಂತಿರಲಿಲ್ಲ. ಮನೆಯ ಯಜಮಾನನೇ ಮೊದಲು ಪರೀಕ್ಷೆಗೆ ಒಳಗಾಗಬೇಕು, ಆಮೇಲೆ ಊರವರು ಎಂಬುದು ಅವರ ನಿಯಮ. ಇದರಲ್ಲಿ ಏನೋ ದೊಡ್ಡ ನ್ಯಾಯವಿದೆ ಎಂದು ಹನ್ನೊಂದು ವರ್ಷದ ನಾನು ನಂಬಿದ್ದೆ. ಈಗ ಎಪ್ಪತ್ತು ದಾಟಿ ಬಹಳ ವರ್ಷವಾಯಿತು. ಇಂದಿಗೂ ಯಾರಾದರೂ ಲವಂಗ ಅಗಿದು ಹತ್ತಿರ ಬಂದು ಮಾತನಾಡಿದರೆ ನಾನು ಎದ್ದು ಬೇರೆ ಕಡೆ ಹೋಗಿ ಕೂರುತ್ತೇನೆ.

ಅಪ್ಪ ಕಡಲಾಚೆಯ ಪೆರಾಕ್ ಸೀಮೆಯ ರಬ್ಬರ್ ತೋಟವೊಂದರಲ್ಲಿ ಡ್ರೆಸರ್ ಆಗಿದ್ದರು. ಡ್ರೆಸರ್ ಎಂದರೆ ತೋಟದ ಆಸ್ಪತ್ರೆಯನ್ನು ನೋಡಿಕೊಳ್ಳುವವನು. ಪೂರ್ತಿ ಡಾಕ್ಟರಲ್ಲ, ಆದರೆ ಡಾಕ್ಟರು ತಿಂಗಳಿಗೊಮ್ಮೆ ಬರುವ ಕಡೆ ಅವನೇ ಡಾಕ್ಟರು. ನಮ್ಮ ಮನೆ ಆಸ್ಪತ್ರೆಗೆ ಅಂಟಿಕೊಂಡಿತ್ತು. ಸಾಲಾಗಿ ಮೂರು ಕೋಣೆ, ಹಿಂದೆ ತಗಡಿನ ಮಾಡಿನ ಅಡುಗೆಮನೆ. ಮೊದಲ ಕೋಣೆಯಲ್ಲಿ ಗಡಿಯಾರ, ಬೈಬಲ್ಲು, ಅಪ್ಪನ ಮೇಜು. ಎರಡನೆಯದರಲ್ಲಿ ಅಪ್ಪ ಅಮ್ಮನ ಮಂಚ. ಮೂರನೆಯದರಲ್ಲಿ ನಾನು, ಜೊತೆಗೆ ಆಸ್ಪತ್ರೆಯಲ್ಲಿ ಹಿಡಿಸದ ಫಿನಾಯಿಲ್ ಡಬ್ಬಗಳು. ಬೆಳಗ್ಗೆ ಐದಕ್ಕೆ ಎದ್ದು, ಐದೂಕಾಲಿಗೆ ತಣ್ಣೀರು, ಐದೂವರೆಯಿಂದ ಆರೂವರೆಯವರೆಗೆ ಕನ್ನಡ ಓದು ಬರಹ. ಮಂಗಳೂರಿನಿಂದ ತರಿಸಿದ ಪಾಠಪುಸ್ತಕದ ಒಂದು ಪುಟವನ್ನು ತಪ್ಪಿಲ್ಲದೆ ನಕಲು ಮಾಡಿದರೆ ಮಾತ್ರ ಗಂಜಿ. ಆ ಗಂಜಿಯ ದೆಸೆಯಿಂದಲೇ ಇವತ್ತು ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆ ಋಣವನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಮನೆಯ ನೆನಪು ಎಂದರೆ ನನಗೆ ಮೊದಲು ವಾಸನೆ. ಮುಂದಿನಿಂದ ಹುಣ್ಣು ತೊಳೆದ ನೀರಿನದು, ಹಿಂದಿನಿಂದ ರಬ್ಬರ್ ಹಾಳೆಗಳನ್ನು ಹೊಗೆಯಾಡಿಸುವ ಮನೆಯದು. ಹೊಸದಾಗಿ ಬಂದವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾವು ಅದರಲ್ಲೇ ಕೂತು ಪ್ರಾರ್ಥನೆ ಮಾಡಿ ಉಣ್ಣುತ್ತಿದ್ದೆವು.

ತೋಟದಲ್ಲಿ ಒಂದು ಕಳ್ಳಿನಂಗಡಿ ಇತ್ತು. ರಬ್ಬರ್ ಮರ ಕೆತ್ತಿ ಹಾಲು ಇಳಿಸುವ ತಮಿಳು ಕೂಲಿಗಳು ಸಂಜೆ ಅಲ್ಲಿಗೆ ಹೋಗಿ ಕುಡಿಯುತ್ತಿದ್ದರು, ರಾತ್ರಿ ಹೊಡೆದಾಡಿಕೊಂಡು ಬೆಳಗ್ಗೆ ಅಪ್ಪನ ಮುಂದೆ ಬಂದು ನಿಲ್ಲುತ್ತಿದ್ದರು. ಒಡೆದ ತಲೆಗಳನ್ನು ಹೊಲಿದು ಹೊಲಿದು ಅಪ್ಪನಿಗೆ ರೋಸಿಹೋಗಿತ್ತು. ಆ ರೋಸು ಸುಳ್ಳಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಳೆದವರನ್ನು ತಿದ್ದಲಾಗದು, ಮಕ್ಕಳಿಂದ ಶುರುಮಾಡಬೇಕು ಎಂದು ಅವರು ಶುದ್ಧಜಲ ಬಾಲಸಂಘ ಕಟ್ಟಿದರು. ಅವರ ಹುಡುಗತನದಲ್ಲಿ ಊರಿನ ಮಿಶನ್ ಶಾಲೆಯಲ್ಲಿ ಅಂಥದ್ದೊಂದು ಇತ್ತಂತೆ. ವಿಲಾಯಿತಿಯಿಂದ ಬಂದ ಹಳೆಯ ಪದ್ಧತಿ, ಅಲ್ಲಿ ಅದು ಯಾವತ್ತೋ ಸತ್ತುಹೋಗಿದ್ದರೂ ನಮ್ಮ ತೋಟದಲ್ಲಿ ಜೀವ ಹಿಡಿದಿತ್ತು. ಮೂವತ್ತು ಮಕ್ಕಳು. ಪ್ರತಿಯೊಬ್ಬರಿಗೂ ಎದೆಗೆ ಚುಚ್ಚಿಕೊಳ್ಳಲು ನೀಲಿ ರಿಬ್ಬನ್ನು. ಭಾನುವಾರದ ಸಭೆ ಶುರುವಾಗುವ ಮೊದಲು ಪ್ರತಿ ಮಗುವೂ ಒಂದು ಲೋಟ ಉಗುರುಬೆಚ್ಚಗಿನ ನೀರನ್ನು ಒಂದೇ ಉಸಿರಿಗೆ ಕುಡಿಯಬೇಕು. ಆಮೇಲೆ ಪ್ರತಿಜ್ಞೆ: ಮದ್ಯ ಮುಟ್ಟುವುದಿಲ್ಲ, ಮೂಸುವುದಿಲ್ಲ, ಕುಡಿದವರ ಕೈಯಿಂದ ನೀರನ್ನೂ ತೆಗೆದುಕೊಳ್ಳುವುದಿಲ್ಲ. ಕೂಲಿಗಳ ಮಕ್ಕಳು ತಮ್ಮ ಸ್ವಂತ ಅಪ್ಪಂದಿರ ಕೈಯಿಂದ ನೀರು ಕುಡಿಯುವುದಿಲ್ಲ ಎಂದು ತಮಿಳಿನಲ್ಲಿ ರಾಗವಾಗಿ ಹೇಳುತ್ತಿದ್ದರು. ಇಷ್ಟಾದ ಮೇಲೆ ವರದಿ. ಕಳೆದ ಸಂಜೆ ಅಪ್ಪನ ಬಾಯಿ ಮೂಸಿದೆಯಾ, ಏನು ವಾಸನೆ ಬಂತು. ಒಬ್ಬೊಬ್ಬರೇ ಎದ್ದು ಹೇಳಬೇಕು. ಬರೆದುಕೊಳ್ಳುವವಳು ಕಾರ್ಯದರ್ಶಿ. ಕಾರ್ಯದರ್ಶಿ ನಾನು.

ಆ ಪುಸ್ತಕವನ್ನು ನಾನು ಎಷ್ಟು ಚೊಕ್ಕಟವಾಗಿ ಇಟ್ಟಿದ್ದೆ ಎಂದರೆ, ಆಮೇಲೆ ನಲವತ್ತು ವರ್ಷ ಶಾಲೆಗಳಲ್ಲಿ ಹಾಜರಿ ಪುಸ್ತಕ ನೋಡಿಕೊಂಡವಳಾದರೂ ಅಷ್ಟು ಚೊಕ್ಕಟ ಮತ್ತೆ ಸಾಧಿಸಲಿಲ್ಲ. ಕುಡಿದ ಅಪ್ಪನಿಗೆ ಕಪ್ಪು ಚುಕ್ಕೆ, ಕುಡಿಯದವನಿಗೆ ನೀಲಿ. ಮಕ್ಕಳು ತಲೆ ತಗ್ಗಿಸಿ "ಕಳ್ಳು" ಎಂದು ಗೊಣಗಿದಾಗ ನಾನು ತಲೆ ಎತ್ತದೆ ಚುಕ್ಕೆ ಇಡುತ್ತಿದ್ದೆ. ಅದನ್ನು ಬರೆಯುವಾಗ ಮೈಯಲ್ಲಿ ಒಂದು ಹಿತವಾದ ಬಿಸಿ ಏರುತ್ತಿತ್ತು. ಈ ಮಾತನ್ನು ಮರೆಮಾಚಿದರೆ ಈ ಅಧ್ಯಾಯ ಬರೆದು ಪ್ರಯೋಜನವಿಲ್ಲ.

ಇನ್ನು ನಮ್ಮ ಅಡುಗೆಮನೆಯ ವಿಷಯ. ಅಮ್ಮ ಮಂಗಳೂರಿನ ಕಡೆಯವಳು. ಅವಳಿಗೆ ಭಾನುವಾರವೆಂದರೆ ಸನ್ನ. ಅಕ್ಕಿ ಉದ್ದು ಅರೆದು, ಕಳ್ಳು ಹಾಕಿ ರಾತ್ರಿಯಿಡೀ ಹುಳಿ ಬರಿಸಿ, ಬಟ್ಟಲುಗಳಲ್ಲಿ ಹೊಯ್ದು ಉಗಿಯಲ್ಲಿ ಬೇಯಿಸುವ ಬಿಳಿ ತಿಂಡಿ. ಇಡ್ಲಿಗಿಂತ ಮೆತ್ತಗೆ, ಸ್ವಲ್ಪ ಸಿಹಿ. ನಮ್ಮ ಕರಾವಳಿಯ ಕ್ರೈಸ್ತರಲ್ಲಿ ಕಳ್ಳು ಕುಡಿಯುವವನನ್ನು ಸಭೆಯಿಂದ ಹೊರಗೆ ಹಾಕುವ ಪಾದ್ರಿಯೂ ಕಳ್ಳು ಹಾಕಿದ ಸನ್ನ ಎಂಟು ತಿನ್ನುತ್ತಿದ್ದರು. ಅದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ. ಕಳ್ಳು ಲೋಟದಲ್ಲಿದ್ದರೆ ಪಾಪ, ಹಿಟ್ಟಿನಲ್ಲಿದ್ದರೆ ಹಬ್ಬ. ನಮ್ಮ ಮನೆಯಲ್ಲಂತೂ ಅದನ್ನು ಕಳ್ಳು ಎಂದು ಕರೆಯುತ್ತಲೇ ಇರಲಿಲ್ಲ, "ಹುಳಿ" ಎನ್ನುತ್ತಿದ್ದೆವು. ಕಳ್ಳಿನಂಗಡಿಯ ಪೀಪಾಯಿಗಳು ಶುಚಿಯಾಗಿವೆಯೇ ಎಂದು ನೋಡುವುದೂ ಡ್ರೆಸರನ ಕೆಲಸ. ಶನಿವಾರ ಮಧ್ಯಾಹ್ನ ಅಪ್ಪ ಆ ತಪಾಸಣೆ ಮುಗಿಸಿ ಬರುವಾಗ ಕೈಚೀಲದಲ್ಲಿ ಒಂದು ಔಷಧಿಯ ಬಾಟಲಿ ಇರುತ್ತಿತ್ತು. ಅದರ ಮೇಲೆ ಮೈಗೆ ಹಚ್ಚಲು ಮಾತ್ರ ಎಂಬ ಕೆಂಪು ಚೀಟಿ. ಏನೂ ಹೇಳದೆ ಅಡುಗೆಮನೆಯ ಕಿಟಕಿಯಲ್ಲಿ ಅದನ್ನಿಟ್ಟು, ಕೈ ತೊಳೆದು, ಲವಂಗ ಬಾಯಿಗೆ ಹಾಕಿಕೊಂಡು ಜಗಲಿಗೆ ಹೋಗಿ ಕೂರುತ್ತಿದ್ದರು. ಆ ಬಾಟಲಿ ಎಲ್ಲಿಂದ ಬರುತ್ತದೆ ಎಂದು ಅಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಸಂಘದಲ್ಲಿ ಸೆಲ್ವಿ ಎಂಬ ಹುಡುಗಿಯಿದ್ದಳು. ನನ್ನ ವಯಸ್ಸಿನವಳೇ, ಕೂಲಿಗಳ ಸಾಲುಮನೆಯ ಲೈನಿನಲ್ಲಿ ಕೊನೆಯ ಮನೆ. ತೋಟದ ಶಾಲೆಯಲ್ಲಿ ಅವಳಿಗೆ ಕಲಿಸಲು ಏನೂ ಉಳಿದಿರಲಿಲ್ಲ. ಪಟ್ಟಣದ ಇಂಗ್ಲಿಷ್ ಶಾಲೆ ತೋಟದ ಒಂದು ಮಗುವನ್ನು ತೆಗೆದುಕೊಳ್ಳಲು ಒಪ್ಪಿತ್ತು. ನಡತೆ ಒಳ್ಳೆಯದೆಂದು ಡ್ರೆಸರನ ಕಾಗದ ಬೇಕಿತ್ತು, ಅದು ಸೋಮವಾರದೊಳಗೆ ತಲುಪಬೇಕಿತ್ತು. ಅದಿಲ್ಲದಿದ್ದರೆ ಅವಳು ಮಂಗಳವಾರದಿಂದ ಅವ್ವನ ಜೊತೆ ಕತ್ತಿ ಹಿಡಿದು ಮರ ಕೆತ್ತಲು ಹೋಗುವವಳು, ಅವಳ ಹೆಸರು ಆಗಲೇ ಕೂಲಿಗಳ ಮೇಸ್ತ್ರಿ ಕಂಗಾಣಿಯ ಪಟ್ಟಿಯಲ್ಲಿತ್ತು. ಅಪ್ಪ ಕಾಗದ ಬರೆದಿಟ್ಟಿದ್ದರು. ಭಾನುವಾರ ಸಂಘದ ವಿಹಾರ, ಅಲ್ಲೇ ಎಲ್ಲರೆದುರು ಕೊಡುವುದೆಂದು ತೀರ್ಮಾನವಾಗಿತ್ತು. ಒಂದೇ ತೊಡಕು. ಸೆಲ್ವಿ ಎಷ್ಟು ವಾರವಾದರೂ ತನ್ನ ಅಪ್ಪನ ವರದಿ ಕೊಟ್ಟಿರಲಿಲ್ಲ. ಕೇಳಿದಾಗಲೆಲ್ಲ ಅಪ್ಪ ಮಲಗಿದ್ದರು, ಬಾಯಿ ಮುಚ್ಚಿತ್ತು ಎನ್ನುತ್ತಿದ್ದಳು. ಮಕ್ಕಳು ಕಿಸಕ್ಕೆಂದು ನಗುತ್ತಿದ್ದರು. ನನ್ನ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಸಾಲು ಖಾಲಿ ಉಳಿದಿತ್ತು. ಖಾಲಿ ಸಾಲನ್ನು ನಾನು ಸಹಿಸಲಾರೆ.

ಹಾಗಾಗಿ ವಿಹಾರದ ಹಿಂದಿನ ಸಂಜೆ ನಾನೇ ಹೋದೆ. ಸೆಲ್ವಿಯ ಅಪ್ಪ ಮನೆಯ ಮುಂದಿನ ಹಲಗೆಯ ಮೇಲೆ ಮಲಗಿದ್ದ. ಕೆತ್ತಿ ಕೆತ್ತಿ ಕೈಬೆರಳುಗಳಿಗೆ ರಬ್ಬರ್ ಹಾಲು ಒಣಗಿ ಕಪ್ಪಾಗಿ ಅಂಟಿತ್ತು. ನಾನು ಬಗ್ಗಿ, ಅವನ ತುಟಿಗಳಿಂದ ಎರಡು ಬೆರಳು ದೂರದಲ್ಲಿ ಮೂಗಿಟ್ಟು ಮೂಸಿದೆ. ಕಳ್ಳು, ಬೀಡಿ, ಒಣಗಿದ ಜೊಲ್ಲು. ಮಲಗಿದ ಮನುಷ್ಯನೊಬ್ಬನ ಬಾಯಿಯನ್ನು ನಾಯಿಯ ಹಾಗೆ ಮೂಸುತ್ತಿರುವ ರಿಬ್ಬನ್ನಿನ ಹುಡುಗಿ. ತಲೆ ಎತ್ತಿದರೆ ಬಾಗಿಲಲ್ಲಿ ಸೆಲ್ವಿ ನಿಂತಿದ್ದಳು. ನಾನು ಅಲ್ಲೇ ನಿಂತು ಕಪ್ಪು ಚುಕ್ಕೆ ಇಟ್ಟು ಪುಸ್ತಕ ಮುಚ್ಚಿದೆ. ಮನೆಗೆ ಬಂದಾಗ ಅಮ್ಮ ಕೆಂಪು ಚೀಟಿಯ ಬಾಟಲಿಯನ್ನು ದೊಡ್ಡ ಪಾತ್ರೆಯ ಹಿಟ್ಟಿಗೆ ಬಗ್ಗಿಸುತ್ತಿದ್ದಳು. ವಿಹಾರದ ಮೂವತ್ತು ಮಕ್ಕಳಿಗೂ ಸನ್ನ ಅವಳೇ ಮಾಡುವುದೆಂದು ಹೇಳಿದ್ದಳು. ಅವಳ ಊರಿನಲ್ಲಿ ಮಕ್ಕಳ ವಿಹಾರವೆಂದರೆ ಸನ್ನ, ಕೋಳಿಸಾರು. ನನಗೆ ಅದರಲ್ಲಿ ಯಾವ ತಪ್ಪೂ ಕಾಣಲಿಲ್ಲ. ಅದು ಹುಳಿ ತಾನೆ.

ವಿಹಾರಕ್ಕೆ ಗೊತ್ತುಮಾಡಿದ್ದ ಕೋಟೆಯೆಂದರೆ ನದಿಯ ಆಚೆ ದಿಬ್ಬದ ಮೇಲೆ ಯಾವನೋ ಬಿಳಿಯ ತೋಟದ ದೊರೆ ತನ್ನ ಸೀಮೆಯ ಕೋಟೆಗಳ ನೆನಪಿಗೆ ಕಟ್ಟಿಸಿದ ಕಟ್ಟಡ. ಕಮಾನುಗಳು, ಒಂದು ಗೋಪುರ, ಅರ್ಧ ಚಾವಣಿ ಉಳಿದ ದೊಡ್ಡ ಹಜಾರ. ಕಳೆದ ತಿಂಗಳು ಮೊಮ್ಮಗಳು ತಾನಿರುವ ಪೆಟಾಲಿಂಗ್ ಜಯಾ ಪಟ್ಟಣದಿಂದ ಕಾರಿನಲ್ಲಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಈಗ ಟಿಕೀಟು ಇದೆ, ಹುಲ್ಲು ಕತ್ತರಿಸಿದ್ದಾರೆ, ಮದುವೆಯ ಜೋಡಿಗಳು ಕಮಾನಿನ ಕೆಳಗೆ ಫೋಟೋ ತೆಗೆಸಿಕೊಳ್ಳುತ್ತವೆ. ನಾನು ಚಿಕ್ಕವಳಿದ್ದಾಗ ಇಲ್ಲಿಗೆ ಊಟ ಕಟ್ಟಿಕೊಂಡು ಬಂದಿದ್ದೆವು ಎಂದದ್ದಕ್ಕೆ ಅವಳು ಹೇಳಿದಳು:

"ಹೌದಾ ಅಜ್ಜಿ? ಕೋಟೆಯಲ್ಲಿ ಪಿಕ್ನಿಕ್ಕಾ? ಯೂ ವರ್ ಸೋ ಲಕ್ಕಿ ಲಾ."

ನಾನು ನೆಲ ನೋಡುತ್ತಿದ್ದೆ. ನೆಲವನ್ನು ತೊಳೆದಿದ್ದಾರೆ.

ಆಗ ತೊಳೆದಿರಲಿಲ್ಲ. ರಬ್ಬರ್ ಹಾಲು ಸಾಗಿಸುವ ಲಾರಿಯಲ್ಲಿ ನಮ್ಮನ್ನು ತುಂಬಿದ್ದರು. ಹಳೆಯ ಹಾಲು ಹುಳಿತು ನಾರುವ ಹಲಗೆಗಳ ಮೇಲೆ ಮೂವತ್ತು ಮಕ್ಕಳು ರಿಬ್ಬನ್ನು ಚುಚ್ಚಿಕೊಂಡು ಹಾಡುತ್ತಾ ಹೋದೆವು. ದಾರಿಯಲ್ಲಿ ಇಬ್ಬರು ವಾಂತಿ ಮಾಡಿಕೊಂಡರು. ಅಪ್ಪ ಲಾರಿ ನಿಲ್ಲಿಸಲಿಲ್ಲ, ವೇಳೆಗೆ ಸರಿಯಾಗಿ ತಲುಪಬೇಕಿತ್ತು. ಹಜಾರದೊಳಗೆ ಬಾವಲಿಗಳ ಹಿಕ್ಕೆ ಪಾದ ಮುಚ್ಚುವಷ್ಟು. ಮೂಲೆಗಳಲ್ಲಿ ದಾರಿಹೋಕರು ಮಾಡಿಟ್ಟ ಹೇಸಿಗೆ. ಗೋಡೆಗಳಿಂದ ಹಸಿರು ನೀರು ಒಸರುತ್ತಿತ್ತು, ಕಾಲಿಗೆ ಜಿಗಣೆ. ಇಂಥ ಕಡೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಪ್ಪ ಉಪದೇಶ ಮಾಡಿದರು. ಈ ದೊರೆ ಕುಡಿದು ಕುಡಿದು ಸತ್ತ, ನೋಡಿ ಅವನ ಮನೆ ಏನಾಯಿತು ಎಂದರು. ಆತ ಸತ್ತದ್ದು ಜ್ವರದಿಂದ ಎಂದು ಆಮೇಲೆ ಓದಿ ತಿಳಿದೆ. ಅಪ್ಪನಿಗೂ ಗೊತ್ತಿತ್ತೋ ಏನೋ. ಸೆಲ್ವಿಗೆ ಅಂದು ಸಂಘದ ಬಾವುಟ ಹಿಡಿಯಲು ಕೊಡಲಿಲ್ಲ, ನನ್ನ ಕಪ್ಪು ಚುಕ್ಕೆಯಿಂದಾಗಿ. ಅವಳು ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು.

ಅಮ್ಮ ಬಾಳೆಲೆಯ ತುಂಡುಗಳಲ್ಲಿ ಸನ್ನ ಹಂಚಿದಳು. ಬಿಸಿಲಿಗೆ ಹುಳಿ ಏರಿತ್ತು, ಬುಟ್ಟಿಯ ಬಟ್ಟೆ ತೆಗೆದಾಗಲೇ ಮೂಗಿಗೆ ಹೊಡೆಯಿತು. ಎಲ್ಲರ ಕೈಗೂ ಬಂದ ಮೇಲೆ ಅಪ್ಪ ಕಾಗದ ತೆಗೆದು ಸೆಲ್ವಿಯನ್ನು ಮುಂದೆ ಕರೆದರು. ಅವಳು ಎಲೆ ಕೈಯಲ್ಲಿ ಹಿಡಿದುಕೊಂಡೇ ಬಂದಳು. ಕುಡುಕನ ಮನೆಯಿಂದಲೂ ಒಳ್ಳೆಯ ಮಗು ಬರಬಹುದು ಎಂಬುದಕ್ಕೆ ಇವಳು ಸಾಕ್ಷಿ ಎಂದು ಹೇಳಿ, ತನ್ನ ಅಪ್ಪ ಕುಡುಕ ಎಂದು ಅವಳು ಎಲ್ಲರೆದುರು ಒಮ್ಮೆ ಹೇಳಿದರೆ ಸಾಕು, ಕಾಗದ ಕೊಡುತ್ತೇನೆ ಎಂದರು. ಅದನ್ನು ದೊಡ್ಡ ಔದಾರ್ಯದ ದನಿಯಲ್ಲಿ ಹೇಳಿದರು. ಸೆಲ್ವಿ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ ಅಪ್ಪನ ಮುಖದ ಬಳಿ ಹಿಡಿದು, ತಮಿಳಿನಲ್ಲಿ, ಮೆತ್ತಗಿನ ದನಿಯಲ್ಲೇ ಹೇಳಿದಳು:

"ಹೇಳ್ತೇನೆ ಡ್ರೆಸರಯ್ಯಾ. ಮೊದಲು ನೀವು ಇದನ್ನು ಮೂಸಿ. ನಮ್ಮಪ್ಪನ ಬಾಯಿಯ ವಾಸನೆಯೇ ಇದಕ್ಕೂ ಇದೆ."

ಮಕ್ಕಳು ತಿನ್ನುವುದನ್ನು ನಿಲ್ಲಿಸಿದರು. ಇಬ್ಬರು ಮೂವರು ಕೈಯಲ್ಲಿದ್ದದ್ದನ್ನು ಮೂಸಿ ನೋಡಿದರು. ಅಪ್ಪ ಮೂಸಲಿಲ್ಲ. ಅವರ ಕಿವಿಗಳು ಮಾತ್ರ ಕೆಂಪಾದವು. ಸುಳ್ಳು ಹೇಳುವವಳಿಗೆ ಒಳ್ಳೆಯ ನಡತೆಯ ಕಾಗದ ಕೊಡಲಾಗದು ಎಂದು ಕಾಗದದ ಎರಡು ತುದಿಗಳನ್ನು ಹರಿಯಲು ಹಿಡಿದುಕೊಂಡರು. ಆದರೆ ಅವರು ಕ್ರಮದ ಮನುಷ್ಯ, ವಿಚಾರಣೆಯಿಲ್ಲದೆ ಶಿಕ್ಷೆ ಕೊಡುವವರಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು:

"ಕರುಣಾ, ನಿನ್ನ ಮೂಗು ತಪ್ಪುವುದಿಲ್ಲ. ಮೂಸಿ ನೋಡಿ ಹೇಳು, ಇದರಲ್ಲಿ ಕಳ್ಳು ಉಂಟಾ?"

ನಾನು ಎದ್ದು ಹೋದೆ. ಸೆಲ್ವಿಯ ಎಲೆಯ ಮೇಲೆ ಬಗ್ಗಿದೆ. ಹಿಂದಿನ ಸಂಜೆ ಅವಳ ಅಪ್ಪನ ತುಟಿಯ ಬಳಿ ಇದ್ದದ್ದೇ ಅಲ್ಲಿತ್ತು, ಬೀಡಿಯೊಂದು ಇರಲಿಲ್ಲ. ಅವಳ ಹೆಬ್ಬೆರಳುಗಳು ಎಲೆಯ ಅಂಚನ್ನು ಒತ್ತಿ ಹಿಡಿದಿದ್ದವು. ನಾನು ಇಲ್ಲ ಎಂದರೆ ಆ ಬೆರಳುಗಳಿಗೂ ರಬ್ಬರ್ ಹಾಲು ಅಂಟುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯಲು ಎಷ್ಟೋ ಸಲ ಪೆನ್ನು ಎತ್ತಿದ್ದೇನೆ. ಗೊತ್ತಿತ್ತು.

"ಇಲ್ಲ ಅಪ್ಪ. ಬರೀ ಹುಳಿ," ಎಂದೆ.

ಅಪ್ಪ ಎರಡೂ ತುದಿ ಎಳೆದರು, ಕಾಗದದ ಮೇಲಂಚು ಒಂದಿಷ್ಟು ಹರಿದ ಸದ್ದು ಕೇಳಿತು. ಆಗ ಅಮ್ಮ ಬುಟ್ಟಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. ಸಂಘದ ಸಭೆಗಳಲ್ಲಿ ಅವಳು ಯಾವತ್ತೂ ಮಾತನಾಡಿದವಳಲ್ಲ. ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಮಕ್ಕಳಿಗೆಲ್ಲ ಅರ್ಥವಾಗಲಿ ಎಂದು ತನ್ನ ಹರುಕುಮುರುಕು ತಮಿಳಿನಲ್ಲಿ ಅದನ್ನೇ ಇನ್ನೊಮ್ಮೆ ಹೇಳಿದಳು:

"ಆ ಮಗು ಹೇಳಿದ್ದು ಸತ್ಯ. ಸನ್ನಕ್ಕೆ ಕಳ್ಳು ಹಾಕಿದ್ದು ನಾನು."

ಎಲ್ಲಿಂದ ತಂದೆ ಎಂದು ಅಪ್ಪ ಕೇಳಲಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ವಿಚಾರಣೆಯೆಂದರೆ ಎಲ್ಲಿ, ಯಾವಾಗ, ಯಾರಿಂದ ಎಂದು ಬಿಡದೆ ಕೆದಕುವ ಮನುಷ್ಯ ಆ ಪ್ರಶ್ನೆಯ ಸುತ್ತ ಒಂದು ಸುತ್ತು ಬಂದು ದಾಟಿಹೋದರು. ಅಮ್ಮ ಅವರನ್ನೇ ನೋಡುತ್ತಿದ್ದಳು. ಅವರು ಗಂಟಲು ಸರಿಮಾಡಿಕೊಂಡು, ತನ್ನ ಮನೆಯೊಳಗೇ ಪಾಪ ಅಡಗಿತ್ತು, ತನಗೆ ತಿಳಿಯದೆ ಹೋಯಿತು, ಸಂಘದ ನಿಯಮ ಡ್ರೆಸರನ ಹೆಂಡತಿಗೂ ಒಂದೇ ಎಂದರು. ನಿಯಮದ ಪ್ರಕಾರ ತಪ್ಪು ಮಾಡಿದವರು ಮೊಣಕಾಲೂರಿ ಎಲ್ಲರೆದುರು ಪ್ರತಿಜ್ಞೆ ಹೇಳಬೇಕು. ಅದು ಮಕ್ಕಳಿಗೆ ಮಾಡಿದ ನಿಯಮ. ಅಮ್ಮ ಕೆಳಗೆ ನೋಡಿದಳು, ಎಲ್ಲ ಕಡೆ ಹಿಕ್ಕೆ. ಅವಳ ಮೈಮೇಲೆ ಇದ್ದದ್ದು ಚರ್ಚಿಗೆಂದು ತೆಗೆದಿಟ್ಟಿದ್ದ ಬಿಳಿ ಸೀರೆ.

"ಊರ್ತೇನೆ," ಎಂದಳು. "ಕಾಗದ ಅವಳ ಕೈಗೆ ಕೊಡಿ, ಮತ್ತೆ ಊರ್ತೇನೆ."

ಅಪ್ಪ ಕಾಗದ ಕೊಟ್ಟರು. ಸೆಲ್ವಿ ಎಲೆಯನ್ನು ನೆಲಕ್ಕಿಟ್ಟು, ಕೈಯನ್ನು ಲಂಗಕ್ಕೆ ಉಜ್ಜಿಕೊಂಡು ಅದನ್ನು ತೆಗೆದುಕೊಂಡಳು. ಅಪ್ಪ ಕುಡುಕ ಎಂಬ ಮಾತನ್ನು ಅವಳೂ ಹೇಳಲಿಲ್ಲ, ಅವರೂ ಮತ್ತೆ ಕೇಳಲಿಲ್ಲ. ಅಮ್ಮ ಬಾವಲಿಗಳ ಹಿಕ್ಕೆಯಲ್ಲಿ ಮೊಣಕಾಲೂರಿ, ಮದ್ಯ ಮುಟ್ಟುವುದಿಲ್ಲ, ಮೂಸುವುದಿಲ್ಲ, ಕುಡಿದವರ ಕೈಯಿಂದ ನೀರನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಅಪ್ಪ ಹೇಳಿಕೊಟ್ಟಂತೆ ತುಂಡು ತುಂಡಾಗಿ ಹೇಳಿದಳು. ಜೀವಮಾನದಲ್ಲಿ ಒಂದು ಹನಿ ಕುಡಿಯದ ಹೆಂಗಸು. ಮಕ್ಕಳು ಅಭ್ಯಾಸಬಲದಿಂದ ಅವಳ ಜೊತೆ ರಾಗ ಎಳೆದರು. ಹೇಳಿಕೊಡುವ ಅಪ್ಪನ ದನಿ ಒಂದು ಸಲವೂ ನಡುಗಲಿಲ್ಲ. ನಾನು ಪುಸ್ತಕ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಸಾಕಿತ್ತು, ಬಾಟಲಿ ತಂದವರು ಯಾರು ಎಂಬುದು. ಅದು ನನ್ನ ನಾಲಿಗೆಯ ಮೇಲೆಯೇ ಇತ್ತು, ಸನ್ನದ ತುಣುಕಿನ ಜೊತೆ. ಎರಡನ್ನೂ ನುಂಗಿದೆ. ಅಪ್ಪನನ್ನು ಕಂಡು ಹೇಸಿಗೆಯಾದದ್ದು ಅದೇ ಮೊದಲು. ಆದರೆ ಅವರು ದಿನಾಂಕ ಹಾಕಿ ನಡೆದದ್ದನ್ನು ಬರೆದುಕೋ ಎಂದಾಗ ನಾನು ಬರೆದುಕೊಂಡೆ, ಅಮ್ಮನ ಹೆಸರಿನ ಮುಂದೆ ಕಪ್ಪು ಚುಕ್ಕೆ ಇಟ್ಟೆ, ಅದು ದುಂಡಗೆ ಬಂತು.

ಸಂಜೆ ಮನೆಗೆ ಬಂದು ಅಮ್ಮ ಬಾವಿಕಟ್ಟೆಯ ಬಳಿ ಸೀರೆ ತೊಳೆಯತೊಡಗಿದಳು. ಸಾಬೂನು ಹಚ್ಚಿ, ಕಲ್ಲಿಗೆ ಉಜ್ಜಿ, ಮತ್ತೆ ಹಚ್ಚಿ. ಮೊಣಕಾಲಿನ ಎರಡು ಕಲೆ ಹೋಗಲಿಲ್ಲ. ಅಪ್ಪ ಜಗಲಿಯಲ್ಲಿ ಪ್ರಾರ್ಥನೆಯ ಪುಸ್ತಕ ತೆರೆದು ಕೂತಿದ್ದರು, ಅವರ ದನಿ ಹಿತ್ತಲವರೆಗೂ ಕೇಳುತ್ತಿತ್ತು. ನಾನು ಹೋಗಿ ಅಮ್ಮನ ಪಕ್ಕದಲ್ಲಿ ನಿಂತು, ಬಾಟಲಿ ಅಪ್ಪನೇ ತಂದದ್ದೆಂದು ನೀನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಉಜ್ಜುವುದನ್ನು ನಿಲ್ಲಿಸದೆ ಹೇಳಿದಳು:

"ಹೇಳಿದ್ರೆ ಆ ಕಾಗದ ಅವಳ ಕೈಗೆ ಸಿಗ್ತಿತ್ತಾ?"

ಇನ್ನೊಮ್ಮೆ ಸಾಬೂನು ಹಚ್ಚಿ ಕೇಳಿದಳು:

"ನೀನು ಎಂತಕ್ಕೆ ಸುಳ್ಳು ಹೇಳಿದ್ದು?"

"ಅಪ್ಪ ಕೇಳಿದ್ರಲ್ಲ," ಎಂದೆ.

ಅಮ್ಮ ನನ್ನನ್ನು ನೋಡಿದಳು. ಆಸ್ಪತ್ರೆಯಲ್ಲಿ ಕೊಳೆತ ಹುಣ್ಣಿನ ಬಟ್ಟೆ ಬಿಚ್ಚುವಾಗ ಹೊಸ ದಾದಿಯರು ನೋಡುತ್ತಿದ್ದ ನೋಟ ಅದು. ಸೀರೆಯನ್ನು ಜಾಲಿಸಿ ಎತ್ತಿದಳು. ಒದ್ದೆ ಸೀರೆಯ ಒಂದು ತುದಿ ಅವಳು, ಇನ್ನೊಂದು ತುದಿ ನಾನು ಹಿಡಿದು ತಿರುಚಿ ಹಿಂಡುವುದು ನಮ್ಮಿಬ್ಬರ ದಿನನಿತ್ಯದ ಪದ್ಧತಿ. ನಾನು ಕೈ ಚಾಚಿದೆ. ಅಮ್ಮ ಆ ತುದಿಯನ್ನು ಬಾವಿಯ ಕಂಬಕ್ಕೆ ಸುತ್ತಿ, ಗಂಟು ಬಿಗಿದು, ಒಬ್ಬಳೇ ಹಿಂಡಿದಳು.